ಎಷ್ಟನೆಯ ಸಾರಿ

“ಅಪ್ಪಾರ, ಮೂರು ಸಾರಿ ‘ಸಾರಿ’ ಅಂದೆ. ಅಡಿವೆಪ್ಪಜ್ಜ ತಿರುಗಿ ಸೈತ ನೋಡವಲ್ಲ. ಆ ಮಾತಿಗೆ ಅರ್ಥಾನ ಇಲ್ಲೇನ್ರಿ?” ಎಂದು ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ.

ಆಗಿದ್ದಿಷ್ಟು. ಚನ್ನವೀರ ಕೊಟ್ಟಿಗೆಯ ಅಗುಳಿ ಹಾಕುವುದನ್ನು ಮರೆಯುವನು. ಆಕಳು ಮಠದ ತೋಟಕ್ಕೆ ನುಗ್ಗಿ, ತೋಟ ನೋಡಿಕೊಳ್ಳುವ ಅಡಿವೆಪ್ಪಜ್ಜ ಬೆಳೆಸಿದ ಕಾಯಿಪಲ್ಲೆಯ ಸಸಿಗಳನ್ನು ಮೇಯುವುದು. ಒಂದೇ ತಿಂಗಳಲ್ಲಿ ಮೂರು ಬಾರಿ ಹೀಗಾಗಿತ್ತು; ಮೂರು ಬಾರಿಯೂ ಅಜ್ಜನೊಬ್ಬನೇ ಮತ್ತೆ ಸಸಿ ನೆಟ್ಟಿದ್ದ. ಈಗ ಅಜ್ಜ ಮಠ ಬಿಟ್ಟು ಹೊರಡಲು ಗಂಟು ಕಟ್ಟಿದ್ದ. ಬಂದ ದಿನದಿಂದ ತನ್ನನ್ನು ಮಗನಂತೆ ನೋಡಿಕೊಂಡವನು ಹೋಗಿಬಿಡುತ್ತಾನಲ್ಲ ಎಂದು ಚನ್ನವೀರನಿಗೆ ದಿಗಿಲು. ಆದರೂ ತಪ್ಪೆಲ್ಲ ಅಜ್ಜನ ಹಟದ್ದೇ ಎಂದು ಅವನ ಎಣಿಕೆ.

ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರ ಓಣಿಯ ಉದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಚಾಚಿ ಗಂಜಿ ಹಚ್ಚುತ್ತಿದ್ದ. ಅವಸರದ ವ್ಯಾಪಾರಿಯೊಬ್ಬ ಸೈಕಲ್ ಮೇಲೆ ಬಂದವನು ಅದರೊಳಕ್ಕೇ ನುಗ್ಗಿದ. ಎಳೆಗಳು ಹರಿದವು. ‘ಸಾರಿ’ ಎಂದ, ಪೆಡಲ್ ತುಳಿದ. ನೇಕಾರ ಸಂಜೆಯ ತನಕ ಕುಳಿತು ಎಳೆಗೆ ಎಳೆ ಕೂಡಿಸಿದ. ಎಂಟು ದಿನಕ್ಕೆ ಮತ್ತೆ ಅದೇ ಆಯಿತು. ವ್ಯಾಪಾರಿ ಮತ್ತೆ ‘ಸಾರಿ’ ಎಂದ.

ನೇಕಾರನಿಗೆ ಇಂಗ್ಲಿಷ್ ಬಾರದು. ಹ್ಯಾಂಡಲ್ ಹಿಡಿದು ನಿಲ್ಲಿಸಿ, “ಎಷ್ಟನೇ ಸಾರಿ ಅಂತ ಕೇಳ್ತೀರೇನ್ರಿ ಸಾವಕಾರ್ರ? ಇದು ಎರಡನೇ ಸಾರಿ,” ಎಂದ.

ವ್ಯಾಪಾರಿ ನಕ್ಕ. “ಅಲ್ಲೋ ಮಾರಾಯ, ಇದು ಇಂಗ್ಲಿಷ್ ಸಾರಿ.”

“ಹಂಗಂದ್ರೇನ್ರಿ?”

ವ್ಯಾಪಾರಿ ತಡವರಿಸಿದ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು; ಅದರ ಅರ್ಥವನ್ನು ಅವನು ಎಂದೂ ವಿಚಾರಿಸಿರಲಿಲ್ಲ. ಕಟ್ಟೆಯ ಮೇಲಿದ್ದ ಸಾಲಿ ಮಾಸ್ತರರು ಬಿಡಿಸಿ ಹೇಳಿದರು. ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎನ್ನುವ ಪದದಿಂದ ಹುಟ್ಟಿದ್ದು ಅದು. ಆಗ ಅದು ನೊಂದವನ ಮಾತು. ಈಗ ದಾರಿ ಬಿಡಿ ಎನ್ನುವುದಕ್ಕೂ ಅದೇ, ಕೇಳಿಸಲಿಲ್ಲ ಎನ್ನುವುದಕ್ಕೂ ಅದೇ.

“ಹಂಗಾದ್ರ ಕೂಡ್ರಿ,” ಎಂದು ನೇಕಾರ ಹರಿದ ಎಳೆಗಳನ್ನು ವ್ಯಾಪಾರಿಯ ಕೈಗೆ ಕೊಟ್ಟ. ಓಣಿಯ ಜನರೆಲ್ಲ ನೋಡುತ್ತಿದ್ದರು, ವ್ಯಾಪಾರಿ ಕೂತು ಎಳೆ ಕೂಡಿಸಲೇಬೇಕಾಯಿತು. ಸಂಜೆಯ ಹೊತ್ತಿಗೆ ಅವನ ಬೆರಳ ತುದಿ ಕೊಯ್ದು ಉರಿಯುತ್ತಿತ್ತು, ಕತ್ತು ಹಿಡಿದಿತ್ತು. ಮೂರನೆಯ ವಾರ ಓಣಿಯ ಬಾಯಲ್ಲೇ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದ. ‘ಸಾರಿ’ ಎನ್ನುವ ಪ್ರಮೇಯವೇ ಬರಲಿಲ್ಲ.

ಕತೆ ನಿಂತಿತು. ಅಜ್ಜನಿಗೆ ಹೇಳಲು ಇನ್ನೂ ಒಳ್ಳೆಯ ಪದವೊಂದು ಸಿಕ್ಕೀತೆಂದು ಚನ್ನವೀರ ಕಾದ.

ಗುರುಗಳು ಕೇಳಿದರು: “ಮೂರು ಸಾರಿ ಅಂದಿ. ಒಂದು ಸಾರಿನಾದ್ರೂ ನಿನಗ ನೋವಾತೇನೋ?”

ಚನ್ನವೀರ ಮಣ್ಣು ಹತ್ತದ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತ.