ಮುಖಪುಟವೂ ಸುದ್ದಿಪೆಟ್ಟಿಗೆಯೂ

ಕಡಲತಡಿಯ ಮೀನುಗಾರರ ಸಂಘವೊಂದರ ವೆಬ್‌ಸೈಟಿನಲ್ಲಿ ಒಂದು ಮುಖಪುಟವಿತ್ತು. ಬಂದವರೆಲ್ಲ ತನ್ನಲ್ಲೇ ಕೂತಿರಬೇಕೆಂಬ ಬಿಂಕ ಅದಕ್ಕೆ. ಹೀಗಿರುವಾಗ ಸಂಘದವರು ಅದರ ಮಗ್ಗುಲಿಗೆ ಸುದ್ದಿಪೆಟ್ಟಿಗೆ ಎಂಬ ಪುಟ್ಟ ಪ್ಲಗ್‌ಇನ್ ಜೋಡಿಸಿದರು. ಅದು ಗಳಿಗೆಗೊಮ್ಮೆ ಬೇರೆ ತಾಣಗಳಿಗೆ ಹೋಗಿ, ಸುದ್ದಿಯ ತಲೆಬರಹ ತಂದು, ಅದರಡಿಯಲ್ಲಿ ಆ ಸುದ್ದಿ ಹೇಳಿದವರ ಹೆಸರು ತೋರಿಸುತ್ತಿತ್ತು. ಹೆಸರು ಒತ್ತಿದ ಓದುಗರು ನೇರ ಆ ತಾಣಕ್ಕೇ ಹೋಗಿಬಿಡುತ್ತಿದ್ದರು.

ಮುಖಪುಟಕ್ಕೆ ಹೊಟ್ಟೆ ಉರಿಯಿತು. "ನನ್ನ ನೆಂಟರನ್ನು ಪರರ ಮನೆಗೆ ಕಳಿಸುತ್ತೀಯಲ್ಲ, ಆ ಹೆಸರುಗಳನ್ನು ಅಳಿಸು."

"ಸುದ್ದಿ ನನ್ನದಲ್ಲ ಅಕ್ಕ. ಹೇಳಿದವರು ಮಾತು ಬದಲಿಸಿದರೆ ನಾನೂ ಬದಲಿಸಬೇಕು" ಎಂದಿತು ಪೆಟ್ಟಿಗೆ.

ಮುಖಪುಟ ಕೇಳಲಿಲ್ಲ. ಪೆಟ್ಟಿಗೆ ಬೆಳಿಗ್ಗೆ ತಂದಿದ್ದ 'ಕಡಲು ಶಾಂತ' ಎಂಬ ಸುದ್ದಿಯನ್ನು ತನ್ನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡು, ಯಾರ ಹೆಸರೂ ಹಾಕದೆ ಮೆರೆಯಿತು. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಪೆಟ್ಟಿಗೆಯಲ್ಲಿ 'ಬಿರುಗಾಳಿ ಬರಲಿದೆ' ಎಂದು ಮೂಡಿತು. ನೆತ್ತಿಯ ಮೇಲೆ ಮಾತ್ರ ಕಡಲು ಶಾಂತವಾಗಿಯೇ ಇತ್ತು.

ದೋಣಿಗೆ ಬಲೆ ಏರಿಸುತ್ತಿದ್ದ ಬಾಬು ಖಾರ್ವಿ ಫೋನಿನಲ್ಲಿ ಎರಡನ್ನೂ ಓದಿ ತಬ್ಬಿಬ್ಬಾದ. "ಯಾವುದನ್ನು ನಂಬುವುದು ಮಾರಾಯ್ತಿ?"

"ಯಾರು ಹೇಳಿದ್ದು ಅಂತ ಇರುವುದನ್ನು" ಎಂದಳು ಹೆಂಡತಿ ಮುಕಾಂಬು. "ಆ ಹೆಸರು ಒತ್ತಿ ನೋಡಿ."

ಬಾಬು ಒತ್ತಿ ನೋಡಿದ, ಅಲ್ಲೂ ಬಿರುಗಾಳಿಯೇ; ದೋಣಿಯಿಂದ ಬಲೆ ಕೆಳಗಿಳಿಸಿದ. ಸಂಜೆ ಮಾಡಿನ ಹಂಚು ಹಾರುವಷ್ಟು ಗಾಳಿ ಬೀಸುವಾಗ, ಒಳಗೆ ಬೆಚ್ಚಗೆ ಗಂಜಿ ಉಣ್ಣುತ್ತ, ಹೊಸ ಸುದ್ದಿಗಾಗಿ ಮತ್ತೆ ಅದೇ ಮುಖಪುಟ ತೆರೆದ.

ಹೋದವನು ತಿರುಗಿ ಬಂದದ್ದು ಕಂಡು ಮುಖಪುಟ ಮೆಲ್ಲಗೆ ತನ್ನ ನೆತ್ತಿಯ ಮೇಲಿನ ಬರಹ ಒರೆಸಿಕೊಂಡಿತು. "ಗಾಳಿ ಯಾವಾಗ ನಿಲ್ಲುತ್ತದಂತೆ, ಕೇಳಿಕೊಂಡು ಬಾ ತಮ್ಮ" ಎಂದಿತು ಪೆಟ್ಟಿಗೆಗೆ. "ಹೇಳಿದವರ ಹೆಸರು ಮರೀಬೇಡ."