ದಾರಿಪಟವೂ ಹೊಳೆಯೂ

ವರ್ತಕ ಚೆನ್ನಮಲ್ಲನ ಹೇಸರಗತ್ತೆಗೆ ಕಂಡದ್ದನ್ನೆಲ್ಲ ವಿಚಾರಿಸುವ ಚಾಳಿ. ಹೊಳೆಯ ದಂಡೆಯಲ್ಲಿ ಯಜಮಾನ ಬುತ್ತಿ ಬಿಚ್ಚಿದಾಗ ಅದು ತನ್ನ ಬೆನ್ನ ಮೇಲಿದ್ದ ದಾರಿಪಟವನ್ನು ಕೇಳಿತು: "ಈ ಹೊಳೆ ಎಲ್ಲಿಂದ ಬರುತ್ತದೆ?"

ಒಂದೇ ದಾರಿಯನ್ನು ಉದ್ದಕ್ಕೂ ಬರೆದಿದ್ದ ಆ ಬಟ್ಟೆಯ ಪಟ್ಟಿ ಹೇಳಿತು: "ನನ್ನ ಎಡ ಅಂಚಿನಲ್ಲಿ ಹುಟ್ಟಿ ಬಲ ಅಂಚಿನಲ್ಲಿ ಮುಗಿಯುತ್ತದೆ. ಮೊಣಕಾಲುದ್ದ ನೀರು. ದಾಟು."

"ಅಂಚಿನ ಆಚೆಗೆ?"

"ಆಚೆಗೆ ಏನೂ ಇಲ್ಲ."

ಹೇಸರಗತ್ತೆಗೆ ಸಮಾಧಾನವಾಗಲಿಲ್ಲ. ನೀರಿಗೆ ಮೂತಿಯಿಟ್ಟು ಹೊಳೆಯನ್ನೇ ಕೇಳಿತು.

"ಬೆಟ್ಟದಿಂದ ಬಂದೆ," ಎಂದಿತು ಹೊಳೆ. "ಅಲ್ಲಿ ಬೆಳಗಿನಿಂದ ಮಳೆ. ನನ್ನ ಉಳಿದ ನೀರು ಹಿಂದೆಯೇ ಬರುತ್ತಿದೆ."

ಊಟ ಮುಗಿಸಿದ ಯಜಮಾನ ಹೊಳೆ ದಾಟಿಸಲು ಹಗ್ಗ ಜಗ್ಗಿ ಬೈದರೂ ಹೇಸರಗತ್ತೆ ಕದಲಲಿಲ್ಲ. ಅಷ್ಟರಲ್ಲಿ ಕೆನ್ನೀರು ಮರಗಳನ್ನು ಉರುಳಿಸಿಕೊಂಡು ಬಂತು. ತನ್ನ ಮೇಲೆ ಸಿಡಿದ ಹನಿಗಳನ್ನು ದಾರಿಪಟ ಮೆಲ್ಲಗೆ ಕೇಳಿತು: "ಆ ಬೆಟ್ಟದಲ್ಲಿ ಇನ್ನೂ ಏನೇನಿದೆ?"