ಆನೆ ಎಲೆಯವನನ್ನು ಸೋಲಿಸಿದ್ದು ಯಾರು?

"ಮರಡಿಕೋಟೆಯ ಮಹಾಜನಗಳೇ, ಕೇಳ್ರಪ್ಪೋ! ಅಮ್ಮಣ್ಣಿ ಹೊನ್ನಾಂಬಿಕೆಯವರು ಎಲೆಯಾಟದ ಮೇಲೆ ಮೂರು ಒಗಟು ಹಾಕ್ತಾರೆ. ಮೂರೂ ಬಿಡಿಸಿದವನಿಗೆ ದೊರೆಗಳು ಮಗಳನ್ನು ಧಾರೆ ಎರೆದು ಅರ್ಧ ರಾಜ್ಯ ಕೊಡ್ತಾರೆ. ಒಂದು ತಪ್ಪಿದರೂ ಹುಣ್ಣಿಮೆ ದಿನ ತಲೆ ತೆಗೀತಾರೆ!"

ಡಂಗುರದವನು ಹೀಗೆ ಕೂಗಿಹೋದ ಮೇಲೆ ಊರಿನ ಗಂಡುಗಳೆಲ್ಲ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ತಲೆ ತೆಗೆಯುವ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ.

ಮರಡಿಕೋಟೆಯವರಿಗೆ ಎಲೆಯಾಟವೆಂದರೆ ಊಟಕ್ಕಿಂತ ಹೆಚ್ಚು. ಬಣ್ಣ ಬರೆದ ದುಂಡನೆಯ ಎಲೆಗಳು. ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ಹುಲಿ, ಕುದುರೆ, ಕಾಲಾಳು. ಆನೆಗೆ ಎಲ್ಲಕ್ಕಿಂತ ಹೆಚ್ಚು ಬಲ, ಕಾಲಾಳಿಗೆ ಎಲ್ಲಕ್ಕಿಂತ ಕಡಿಮೆ. ಪ್ರತಿಯೊಬ್ಬರದೂ ತಮ್ಮದೇ ಕಟ್ಟು. ತಮಗೆ ಬೇಡದ ಎಲೆಯನ್ನು ಕೊಟ್ಟು ಬೇಕಾದದ್ದನ್ನು ಬದಲಿಗೆ ಪಡೆಯುವುದು ಅಲ್ಲಿನ ರೂಢಿ. ಬಡವರ ಕೇರಿಯಲ್ಲಿ ಒಂದು ಚಾಪೆಗೆ ನಾಲ್ವರು ಕೂರುತ್ತಿದ್ದರು. ಎಲ್ಲರಿಗೂ ಎಲ್ಲರೂ ಎದುರಾಳಿ. ಎಲೆ ತೀರಿದವನು ಏಳಬೇಕು, ಕೊನೆಗೆ ಉಳಿದವನು ಗೆದ್ದ. ದೊಡ್ಡ ಮನೆಗಳಲ್ಲಿ ಮಾತ್ರ ಇಬ್ಬಿಬ್ಬರೇ ಆಡುತ್ತಿದ್ದರು. ನಾಲ್ವರ ನಡುವೆ ಸೋತರೆ ಮೂವರು ನಗುತ್ತಾರಲ್ಲ, ಅದರ ಹೆದರಿಕೆ! ದೊಡ್ಡ ಮನೆಯವರಲ್ಲಿ ಅಮ್ಮಣ್ಣಿಯೊಬ್ಬಳೇ ತನ್ನನ್ನು ಸಾಕಿದ ದಾದಿಯಿಂದ ಕೇರಿಯ ಆಟ ಕಲಿತಿದ್ದಳು.

ಮೊದಲು ಅರಮನೆಗೆ ಹೋದವನು ಮಂಡಕ್ಕಿ ಭಟ್ಟಿಯ ದೊಡ್ಡೀರ. ಮಹಾ ಮುಂಗೋಪಿ. ಅವನ ಜೊತೆ ಜಗಳ ಯಾರಿಗೆ ಬೇಕೆಂದು ಕೇರಿಯವರು ಬೇಕೆಂದೇ ಸೋಲುತ್ತಿದ್ದರು, ಹಾಗಾಗಿ ಅವನು ತನ್ನನ್ನು ಮಹಾ ಆಟಗಾರನೆಂದು ನಂಬಿದ್ದ. ಮೊದಲನೇ ಒಗಟಿಗೇ ತಪ್ಪು ಉತ್ತರ ಹೇಳಿ ಸೆರೆಮನೆ ಸೇರಿದ.

ಅವನ ತಮ್ಮ ಸಣ್ಣೀರನಿಗೆ ಆ ದಿನದಿಂದ ಅನ್ನ ಸೇರಲಿಲ್ಲ. ತಂದೆ ತಾಯಿ ಇಲ್ಲದ ಅವನನ್ನು ಬೈದು, ಬಡಿದು, ಎದೆಗವಚಿಕೊಂಡು ಸಾಕಿದವನು ಆ ಮುಂಗೋಪಿಯೇ. ಸಣ್ಣೀರನಾದರೋ ಆಟದಲ್ಲಿ ಸೋಲುವುದಕ್ಕೇ ಹೆಸರಾದವನು. ಆದರೂ ಹುಣ್ಣಿಮೆಯ ದಿನ, ಹೋದರೆ ಇಬ್ಬರ ತಲೆಯೂ ಒಟ್ಟಿಗೆ ಹೋಗಲಿ ಎಂದು ಭಟ್ಟಿಯ ಬೂದಿ ಕೊಡವಿಕೊಂಡು ಹೊರಟ.

ಸಭೆಯಲ್ಲಿ ಒಗಟು ಬಿಡಿಸಲು ಬಂದವರು ಇನ್ನೂ ಕೆಲವರಿದ್ದರು. ಅಮ್ಮಣ್ಣಿ ಮೊದಲನೇ ಒಗಟು ಹೇಳಿದಳು. "ನಾಲ್ವರು ಕೂತರು. ಒಬ್ಬನ ಹತ್ತಿರ ಆನೆ ಎಲೆ ಇದೆ, ಉಳಿದವರ ಹತ್ತಿರ ಇಲ್ಲ. ಆದರೂ ಮೊದಲು ಎದ್ದುಹೋದವನು ಆನೆಯವನೇ. ಅವನನ್ನು ಸೋಲಿಸಿದ್ದು ಯಾರು?"

ದಳವಾಯಿಯ ಮಗ ಮೀಸೆ ತಿರುವಿದ. "ಮೋಸಗಾರ!"

"ತಪ್ಪು" ಎಂದಳು. ಭಟರು ಅವನ ರಟ್ಟೆ ಹಿಡಿದರು.

ಸಣ್ಣೀರ ತಲೆ ಕೆರೆದುಕೊಂಡ. "ಅವನ ಆನೇನೇ ಅವನನ್ನ ಸೋಲಿಸ್ತು ಅಮ್ಮಣ್ಣಿಯವರೇ. ಮೊದಲನೇ ಸುತ್ತಲ್ಲೇ ಆನೆ ಇಳಿಸಿ ಮೆರೆದಿರ್ತಾನೆ. ಅಲ್ಲೀವರೆಗೂ ಕಚ್ಚಾಡ್ತಿದ್ದ ಮೂವರೂ ಅದನ್ನ ಕಂಡು ಒಂದಾಗ್ತಾರೆ. ನನಗೆ ಒಂದ್ಸಲ ಹಂಗೇ ಆಯ್ತು."

"ಸರಿ" ಎಂದಳು ಅಮ್ಮಣ್ಣಿ. "ಎರಡನೆಯದು. ಒಬ್ಬ ಬಡಪಾಯಿಯ ಕೈಯಲ್ಲಿ ಒಂದೇ ಕಾಲಾಳು ಉಳಿದಿದೆ. ಅವನನ್ನು ಹೊಡೆಯುವ ಶಕ್ತಿ ಮೂವರಿಗೂ ಇದೆ. ಯಾರೂ ಹೊಡೆಯುವುದಿಲ್ಲ. ಯಾಕೆ?"

ಮೂಲೆಯಲ್ಲಿದ್ದ ಜವಳಿ ಸೆಟ್ಟರ ಮಗ ಜಿಗಿದು ಮುಂದೆ ಬಂದ. "ಮೊದಲನೇದು ನನಗೂ ಗೊತ್ತಾಯ್ತು, ಇದನ್ನ ನಾನು ಹೇಳ್ತೀನಿ! ಕರುಣೆಯಿಂದ!"

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಎಲೆಯಾಟದಲ್ಲಿ ಕರುಣೆಯೇ? ಅವನನ್ನೂ ಎಳೆದುಕೊಂಡು ಹೋದರು.

"ಹೊಡೆಯೋಕೆ ಒಂದು ಒಳ್ಳೆ ಎಲೆ ಖರ್ಚಾಗುತ್ತಲ್ಲ" ಎಂದ ಸಣ್ಣೀರ. "ಹೊಡೆದೋನ ಕೈ ಬರಿದಾಗುತ್ತೆ, ಸುಮ್ಮನೆ ಕೂತೋರ ಕೈ ಬಲವಾಗುತ್ತೆ. ಅದಕ್ಕೇ ಮೂವರೂ ನೀನು ಹೊಡಿ, ನೀನು ಹೊಡಿ ಅಂತ ಮುಖ ಮುಖ ನೋಡ್ತಾರೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ನಾನು ಎಷ್ಟೋ ಸಲ ಹಂಗೇ ಉಳ್ಕೊಂಡಿದ್ದೀನಿ."

ಅಮ್ಮಣ್ಣಿಗೆ ನಗು ತಡೆಯಲಾಗಲಿಲ್ಲ. "ಕೊನೆಯದು. ಕೊಟ್ಟವನು ಬಲವಾದ, ತೆಗೆದುಕೊಂಡವನೂ ಬಲವಾದ. ಮೂರನೆಯವನಿಂದ ಯಾರೂ ಏನೂ ಕಸಿಯಲಿಲ್ಲ, ಆದರೂ ಅವನು ಸೋತ. ಏನದು?"

ಹೊರಗೆ ತಲೆ ಕಡಿಯುವವನು ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಅಣ್ಣನ ಮುಖ ಸಣ್ಣೀರನ ಕಣ್ಣಿಗೆ ಕಟ್ಟಿತು. ಕೊಡುವುದು, ತೆಗೆದುಕೊಳ್ಳುವುದು ಎಂದು ಒಳಗೊಳಗೇ ಹೇಳಿಕೊಂಡ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ.

"ಎಲೆ ಬದಲಿ ಮಾಡ್ಕೊಳ್ಳೋದು. ನಿಮಗೆ ಬೇಡದ್ದು ನನಗೆ ಬೇಕು, ನನಗೆ ಬೇಡದ್ದು ನಿಮಗೆ ಬೇಕು. ಇಬ್ಬರೂ ಬಲವಾಗ್ತೀವಿ. ಮೂರನೆಯೋನು ನಾನೇ ಅಮ್ಮಣ್ಣಿಯವರೇ. ನನ್ನ ಹತ್ತಿರ ಒಂದು ಚೆಂದದ ಹುಲಿ ಇತ್ತು. ಎಷ್ಟು ಜನ ಕೇಳಿದರೂ ಕೊಡಲಿಲ್ಲ. ಎದೆಗೆ ಅವಚ್ಕೊಂಡು ಕೂತೆ. ಸುತ್ತ ಇದ್ದೋರು ಒಬ್ಬರಿಗೊಬ್ಬರು ಬದಲಿ ಮಾಡ್ಕೊಂಡು ಬೆಳೆದ್ರು, ನಾನು ಹುಲಿ ಜೊತೆಗೇ ಸೋತೆ."

"ಮೂರೂ ಸರಿ!" ಎಂದಳು ಅಮ್ಮಣ್ಣಿ. ದೊರೆ ಸಿಂಹಾಸನದಿಂದ ಎದ್ದು ನಿಂತ. "ಭಲೆ! ಅರ್ಧ ರಾಜ್ಯ ನಿನ್ನದಯ್ಯ."

"ಬುದ್ಧೀ, ನನ್ನಣ್ಣ..." ಸಣ್ಣೀರ ಸೆರೆಮನೆಯ ಕಡೆ ಕೈ ತೋರಿಸಿದ.

"ಅದಾಗದು. ಸೋತವರ ತಲೆ ನನ್ನದೆಂದು ಡಂಗುರ ಹೊಡೆಸಿದ್ದೇನೆ."

"ಹಂಗಾದರೆ ಬದಲಿ ಮಾಡ್ಕೊಳ್ಳೋಣ ಬುದ್ಧೀ. ಅರ್ಧ ರಾಜ್ಯ ಇಟ್ಕೊಂಡು ಮಂಡಕ್ಕಿ ಹುರಿಯೋನು ಏನು ಮಾಡಲಿ? ಅದು ನಿಮಗಿರಲಿ. ಆ ತಲೆಗಳು ನಿಮಗೆ ಏತಕ್ಕೂ ಬರಲ್ಲ, ಎಲ್ಲಾನೂ ನನಗೆ ಕೊಡಿ."

ದೊರೆ ಗಡ್ಡ ನೀವಿಕೊಂಡು ಯೋಚಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಸೆರೆಮನೆಯ ಬಾಗಿಲು ತೆರೆಸಿದ. ದೊಡ್ಡೀರ ಬಂದವನೇ, "ಭಟ್ಟಿ ಬಿಟ್ಟು ಇಲ್ಲೇನೋ ನಿನ್ನ ಕೆಲಸ?" ಎಂದು ತಮ್ಮನನ್ನು ಗದರಿದ, ಗದರುತ್ತಲೇ ತಬ್ಬಿಕೊಂಡು ಗೊಳೋ ಎಂದು ಅತ್ತ.

ಅಣ್ಣ ತಮ್ಮಂದಿರು ಕೈಮುಗಿದು ಹೊರಟರು. ಬಾಗಿಲ ಹತ್ತಿರ ಅಮ್ಮಣ್ಣಿ ತಡೆದಳು.

"ನೀನು ರಾಜ್ಯ ಕೊಟ್ಟೆ, ತಲೆಗಳನ್ನು ತೆಗೆದುಕೊಂಡೆ. ನನ್ನ ಮಾತೇ ಎತ್ತಲಿಲ್ಲವಲ್ಲ?"

ಸಣ್ಣೀರ ನೆಲ ನೋಡಿದ. "ನಿಮ್ಮನ್ನ ದೊರೆಗಳ ಹತ್ತಿರ ಬದಲಿಗೆ ಕೇಳೋಕೆ ನೀವೇನು ಎಲೆಯೇ ಅಮ್ಮಣ್ಣಿಯವರೇ? ಕೇಳೋದಾದರೆ ನಿಮ್ಮನ್ನೇ ಕೇಳಬೇಕು."

ಅವಳು ಬಾಗಿಲಿಗೆ ಒರಗಿ ನಿಂತಳು. "ಹಾಗಾದರೆ ಕೇಳು. ನಾನೇನು ನಾಳೆವರೆಗೂ ಇಲ್ಲೇ ನಿಂತಿರಲೇ?"